ನಾಳೆಗೆ ಎಷ್ಟು ಬನ್?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬ್ರೆಡ್ ಕಾರ್ಖಾನೆಯ ಹಿಂಬಾಗಿಲಿನಲ್ಲಿ ವ್ಯಾನುಗಳು ನಿನ್ನೆ ಖರ್ಚಾಗದೆ ಉಳಿದ ಮಾಲನ್ನು ಇಳಿಸುತ್ತಿವೆ. ಹಳೇ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಒಂದೊಂದೇ ಟ್ರೇ ಎಳೆದು ನೋಡುತ್ತಾರೆ. "ಮೂಲೆ ಅಂಗಡಿಯಿಂದ ಇಷ್ಟೊಂದು ವಾಪಸ್ ಬಂತಾ?" ಎಂದು ಡ್ರೈವರನ್ನು ಕೇಳುತ್ತಾರೆ. "ಮಳೆ ಅಲ್ವಾ ಅಕ್ಕ, ಜನಾನೇ ಇರ್ಲಿಲ್ಲ" ಎನ್ನುತ್ತಾನೆ ಆತ. "ಮಳೆ ಬಂದಿದ್ದು ಅಂಗಡಿ ಬಾಗಿಲು ಹಾಕಿದ್ಮೇಲೆ ಅಲ್ವೇನಪ್ಪಾ?" ಡ್ರೈವರ್ ತಲೆ ಕೆರೆದುಕೊಳ್ಳುತ್ತಾನೆ. ಮಾಲು ತಲುಪಿಸಿದ್ದೇ ತಡವಾಗಿತ್ತೆಂದು ಕೊನೆಗೆ ಬಾಯಿ ಬಿಡುತ್ತಾನೆ.

ಇವರನ್ನು ಇಲ್ಲಿ ಎಲ್ಲರೂ ಅಂದಾಜಕ್ಕ ಎನ್ನುತ್ತಾರೆ. ನಾಳೆ ಎಷ್ಟು ಬ್ರೆಡ್, ಎಷ್ಟು ಬನ್, ಎಷ್ಟು ರಸ್ಕ್ ಬೇಕಾದೀತು ಎಂದು ಹೇಳುವುದು ಇವರ ಕೆಲಸ. ಅದನ್ನು ನೋಡಿಕೊಂಡೇ ಹಿಟ್ಟು ಕಲಸುತ್ತಾರೆ, ಓವನ್ ಹೊತ್ತಿಸುತ್ತಾರೆ. ನಾಳೆಯದು ತಮಗೆ ಗೊತ್ತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದರಲ್ಲೂ ಇವರ ಬಗ್ಗೆ ಕಿವಿಗೆ ಬಿದ್ದದ್ದು ಬೇರೆಯೇ ಮಾತು. ಬನ್ ಮಾತ್ರ ಬೇಯುವ ಮೂರನೇ ಓವನ್ನಿನಲ್ಲಿ ಇವರ ತಂಗಿ ಇದ್ದಾಳಂತೆ, ಆ ಓವನ್ ಆರದಿರಲಿ ಎಂದು ಅಕ್ಕ ಬನ್ನಿನ ಲೆಕ್ಕ ಉಬ್ಬಿಸುತ್ತಿದ್ದರಂತೆ. ಮುಚ್ಚಿಡುವುದೇಕೆ, ಆ ಗಾಳಿಮಾತಿನ ಜಾಡು ಹಿಡಿದೇ ನಾನು ಪತ್ರಿಕೆಗೆ ಬರೆಯಲು ಬಂದಿದ್ದೇನೆ.

ಅನುಮಾನದಲ್ಲಿ ಅಂದಾಜಕ್ಕ ನನ್ನನ್ನೂ ಮೀರಿಸುತ್ತಾರೆ. "ಸೇಲ್ಸಿನವ್ರು ಕಡಿಮೆ ಹೇಳ್ತಾರೆ, ಆಮೇಲೆ ಜಾಸ್ತಿ ಮಾರಿ ಶಭಾಷ್ ಅನ್ನಿಸ್ಕೋಬೇಕಲ್ಲ. ಅಂಗಡಿಯವ್ರು ಜಾಸ್ತಿ ಹೇಳ್ತಾರೆ, ಅರ್ಧ ಆದ್ರೂ ಬರ್ಲಿ ಅಂತ. ನಾನು ಇಬ್ರನ್ನೂ ನಂಬಲ್ಲ." ಹಾಗಾಗಿ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗಳಿಗೆ ಇಣುಕುತ್ತಾರೆ. ಸಂಜೆಗೆ ಮೊದಲೇ ಶೆಲ್ಫ್ ಖಾಲಿಯಾಗಿದ್ದರೆ ಇವರ ಮುಖ ಸಣ್ಣಗಾಗುತ್ತದೆ. "ಎಲ್ಲಾ ಖರ್ಚಾಯ್ತು ಅಂತ ಅವ್ರಿಗೆ ಖುಷಿ. ಕೇಳಿಕೊಂಡು ಬಂದು ಬರಿಗೈಲಿ ಹೋದೋರು ಎಷ್ಟು ಜನ, ಅದನ್ನ ಯಾರೂ ಹೇಳಲ್ಲ."

ಅಪ್ಪ ತೀರಿಕೊಂಡಾಗ ಓದು ಬಿಟ್ಟು ಇಲ್ಲಿನ ಪ್ಯಾಕಿಂಗ್ ವಿಭಾಗಕ್ಕೆ ಸೇರಿದವರು ಇವರು. ತಂಗಿಯನ್ನು ಸಾಕಿದ್ದೂ ಇವರೇ, ಮೇಲಿನವರ ಕೈಕಾಲು ಹಿಡಿದು ಓವನ್ನಿನ ಕೆಲಸಕ್ಕೆ ಸೇರಿಸಿದ್ದೂ ಇವರೇ. ಲೆಕ್ಕದಲ್ಲಿ ಚುರುಕೆಂದು ಅಂದಾಜಿನ ಕೆಲಸಕ್ಕೆ ಆಫೀಸಿಗೆ ಕರೆಸಿಕೊಂಡ ಕಾರ್ಖಾನೆ, ಕಳೆದ ವರ್ಷ ಬೇಡಿಕೆ ಅಂದಾಜಿನ ತರಬೇತಿ ಶಿಬಿರಕ್ಕೆ ಕಳಿಸಿತು. "ಬೇರೆ ಯಾರೂ ಹೋಗಲ್ಲ ಅಂದ್ರು. ಊಟ ಚೆನ್ನಾಗಿರುತ್ತೆ ಹೋಗಮ್ಮಾ ಅಂತ ನನ್ನ ಸಾಗಹಾಕಿದ್ರು" ಎಂದು ನಗುತ್ತಾರೆ. ಊಟ ಸುಮಾರಾಗಿತ್ತಂತೆ. ಆದರೆ ಅಲ್ಲಿನ ಮೇಷ್ಟರೊಬ್ಬರು ತಲೆಗೆ ಹುಳ ಬಿಟ್ಟು ಕಳಿಸಿದರು. ಅಂದಾಜು ತಪ್ಪುವುದು ಸಹಜ, ಯಾವಾಗಲೂ ಒಂದೇ ಕಡೆಗೆ ತಪ್ಪುತ್ತಿದೆಯೇ ಎಂದು ನೋಡಿಕೊಳ್ಳಿ ಎಂದಿದ್ದರು.

ವಾಪಸ್ ಬಂದು ತಮ್ಮ ಹಳೆಯ ಅಂದಾಜುಗಳನ್ನೆಲ್ಲ ಮಾರಾಟದ ಪಕ್ಕದಲ್ಲಿಟ್ಟು ಅಧ್ಯಯನಕ್ಕೆ ಕೂತರು. ಬ್ರೆಡ್ಡಿನದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಬನ್ನಿನದು ಮಾತ್ರ ಸದಾ ಹೆಚ್ಚು.

ಬೇಕೆಂದೇ ಹೆಚ್ಚು ಹೇಳುತ್ತಿದ್ದಿರಾ ಎಂದು ನೇರವಾಗಿ ಕೇಳುತ್ತೇನೆ. ಅವರು ಬೇಸರಿಸುವುದಿಲ್ಲ. "ಇಲ್ಲ. ಕೈ ತಾನಾಗೇ ಮೇಲಕ್ಕೆ ಹೋಗ್ತಿತ್ತು. ಇಷ್ಟು ಬೇಡ ಅನ್ನಿಸಿದಾಗೆಲ್ಲ ಏನಾದ್ರೊಂದು ನೆಪ ಸಿಕ್ತಿತ್ತು. ಸ್ಕೂಲು ಶುರುವಾಗುತ್ತೆ, ಚಳಿ ಶುರುವಾಗುತ್ತೆ ಅಂತ. ನೀವು ನಂಬಬೇಕಾಗಿಲ್ಲ, ನಾನೇ ಮೊದ್ಲು ನಂಬ್ಲಿಲ್ಲ." ನನಗೂ ಪೂರ್ತಿ ನಂಬಿಕೆ ಬರುವುದಿಲ್ಲ. ಇಷ್ಟು ಅನುಮಾನದ ಹೆಂಗಸಿಗೆ ತನ್ನ ಕೈಯ ಮೇಲೊಂದು ಅನುಮಾನ ಬರಲಿಲ್ಲವೇ?

ಅನುಮಾನ ಬಂದಾಗ ಮಾತ್ರ ಬಚ್ಚಿಡಲಿಲ್ಲ. ಕಳೆದ ಸಲ ಅಂದಾಜು ಕೆಲಸದವರ ವಾರ್ಷಿಕ ಸಮ್ಮೇಳನದಲ್ಲಿ, ತುಂಬಿದ ಸಭಾಂಗಣದ ಮುಂದೆ ನಿಂತು ತಮ್ಮ ಈ ವಾಲುವಿಕೆಯನ್ನು ತಾವೇ ತೋರಿಸಿದರು. ಅಲ್ಲಿಂದ ಬಂದವರೇ ಬನ್ನಿನ ಅಂದಾಜನ್ನು ಪಕ್ಕದ ಮೇಜಿನವರಿಗೆ ಬಿಟ್ಟುಕೊಟ್ಟರು. ಅಂಕಿಯಿಂದ ಯಾರ ಮನೆಯವರಿಗೆ ಅನುಕೂಲವೋ ಅವರು ಆ ಅಂಕಿ ಹಾಕಬಾರದು ಎನ್ನುವುದು ಈಗ ಇಡೀ ಕಾರ್ಖಾನೆಯ ನಿಯಮ. ಹಳಸಿದ ಬನ್ ವಾಪಸ್ ಬರುವುದು ಬಹಳ ಕಡಿಮೆಯಾಗಿದೆ. ಮೂರನೇ ಓವನ್ ದಿನ ಬಿಟ್ಟು ದಿನ ಉರಿಯುತ್ತದೆ. ತಂಗಿಗೆ ಕೆಲಸವೂ ದಿನ ಬಿಟ್ಟು ದಿನ.

ಅಕ್ಕ, ತಂಗಿ ಇರುವುದು ಒಂದೇ ಮನೆಯಲ್ಲಿ. ಅಡುಗೆಯಾದ ಮೇಲೆ ತಂಗಿ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಾಳೆ. "ಮೊದ್ಲು ತಂಗಿಗೋಸ್ಕರ ಕಳ್ಳಲೆಕ್ಕ ಅಂದ್ರು. ಈಗ ತಂಗಿ ಹೊಟ್ಟೆ ಮೇಲೆ ಹೊಡ್ದು ಹೆಸರು ಮಾಡ್ಕೊಂಡ್ಳು ಅಂತಾರೆ. ಅಂದ್ಕೊಳ್ಲಿ. ಅವ್ಳು ಒಂದಿನ ನನ್ನ ಪಕ್ಕ ಕೂತು ಊಟ ಮಾಡ್ಲಿ, ಸಾಕು. ಬೈಕೊಂಡೇ ಮಾಡ್ಲಿ" ಎನ್ನುತ್ತಾ ಅಂದಾಜಕ್ಕ ಮುಂದಿನ ಟ್ರೇ ಎಳೆಯುತ್ತಾರೆ.

ಒಬ್ಬರ ಮಾತು ಕೇಳಿ ಹೊರಡುವವನು ನಾನಲ್ಲ. ಮೂರನೇ ಓವನ್ನಿನ ಬಳಿ ಹೋಗುತ್ತೇನೆ. ಇವತ್ತು ಅದು ಉರಿಯುವ ದಿನ. ತಂಗಿ ಬೆವರೊರೆಸಿಕೊಂಡು ಹೇಳುತ್ತಾಳೆ, "ಗುರುತು ಪರಿಚಯ ಇಲ್ಲದ ಅಷ್ಟು ಜನದ ಮುಂದೆ ಹೇಳಿದ್ಳು. ನನಗೆ ಹೇಳ್ಲಿಲ್ಲ. ನನಗೆ ಗೊತ್ತಾಗಿದ್ದು ಕ್ಯಾಂಟೀನಲ್ಲಿ. ಅದಕ್ಕೇ ಮಾತು ಬಿಟ್ಟಿದ್ದೀನಿ."

ಹಾಗಾದರೆ ಅಕ್ಕ ಬೇಕೆಂದೇ ಲೆಕ್ಕ ಉಬ್ಬಿಸಿದ್ದಳೆಂದು ಜನ ಆಡಿಕೊಳ್ಳುವುದು ನಿಜವೇ ಎಂದು ಕೆದಕುತ್ತೇನೆ.

ಕೈಯಲ್ಲಿದ್ದ ಟ್ರೇ ಕೆಳಗಿಡುತ್ತಾಳೆ. "ಯಾರು ಆಡ್ಕೊಂಡಿದ್ದು? ಹೆಸರು ಹೇಳಿ. ನನ್ನಕ್ಕನ ಮೇಲೆ ಸಿಟ್ಟು ಮಾಡ್ಕೊಳೋಕೆ ನಾನೊಬ್ಳಿದ್ದೀನಿ, ಇನ್ನೊಬ್ರು ಬೇಕಾಗಿಲ್ಲ. ಬರ್ಕೊಳಿ ಅದನ್ನ."