ಐದು ಮಿಷಿನ್ ನುಂಗಿದ ಪೆಟ್ಟಿಗೆ

ಕಂಪ್ಯೂಟರಿನ ಹೊಟ್ಟೆ ಬಗೆದು ನೋಡದವರು ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡು ನೆಮ್ಮದಿಯಾಗಿ ಸಾಯಬಹುದು. ವೈರಕ್ಕನಿಗೆ ಆ ಭಾಗ್ಯ ಇರಲಿಲ್ಲ. ಆ ಸೋಮವಾರ ಬೆಳಿಗ್ಗೆ ಅಳತೆ ವಿಭಾಗದ ಮಿಷಿನ್ನಿನ ಪಕ್ಕದ ತಗಡು ಬಿಚ್ಚಿದವಳು ವಾಸನೆಗೊಂದು, ನೋಟಕ್ಕೊಂದು, ಹೀಗೆ ಎರಡು ಸಲ "ಛೀ" ಎಂದಳು. ಪ್ಲಾಸ್ಟರ್ ಪುಡಿ ಮತ್ತು ಯಾರ್ಯಾರದೋ ತಲೆಗೂದಲು ಸೇರಿಕೊಂಡು ಫ್ಯಾನಿನ ಸುತ್ತ ಬೂದು ಕಂಬಳಿಯೊಂದನ್ನು ನೇಯ್ದಿದ್ದವು. ಕಂಬಳಿಯ ಮೇಲೆ ಹಲ್ಲಿಯ ಎರಡು ಮೊಟ್ಟೆ. ಮೂಲೆಯಲ್ಲಿ ಅಂಗಾತ ಮಲಗಿ ಇಹಲೋಕ ಮುಗಿಸಿದ್ದ ಒಂದು ಜಿರಳೆ, ಅದರ ಸುತ್ತ ಶೋಕಕ್ಕೆ ಬಂದು ಅಲ್ಲೇ ಸಂಸಾರ ಹೂಡಿದ್ದ ಅದರ ಬಂಧುಬಳಗ.

ಅದು ಕೃತಕ ಕಾಲು ತಯಾರಿಸುವ ಕಾರ್ಖಾನೆ. ಹಿಂದೆ ಅಚ್ಚಿನ ಕೋಣೆ, ನಡುವೆ ಅಳತೆಯ ಕೋಣೆ, ಮುಂದೆ ಐದು ಮೇಜಿನ ಆಫೀಸು. ವೈರಕ್ಕ ಇಪ್ಪತ್ತೆರಡು ವರ್ಷದ ಹಿಂದೆ ಟೈಪ್ ಮಾಡಲೆಂದು ಇಲ್ಲಿಗೆ ಸೇರಿದವಳು. ಒಂದು ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಎಳೆದು ತೆಗೆದದ್ದೇ ತಪ್ಪಾಯಿತು. ಅಂದಿನಿಂದ ಆ ಕಟ್ಟಡದ ಎಲ್ಲ ವೈರುಗಳೂ ಅವಳ ತಲೆಗೆ ಸುತ್ತಿಕೊಂಡವು. ‘ವೈರ್ ಅಕ್ಕ’ ಬಾಯಿಂದ ಬಾಯಿಗೆ ಸವೆದು ‘ವೈರಕ್ಕ’ ಆಯಿತು. ವೈರ ಯಾರ ಮೇಲೆ ಎಂದು ಹೊಸಬರು ಕೇಳಿದರೆ, "ಸದ್ಯಕ್ಕೆ ಎಲ್ಲರ ಮೇಲೂ. ನಿಮ್ಮ ಸರದಿ ಬಂದಾಗ ಹೇಳ್ತೀನಿ," ಅನ್ನುತ್ತಿದ್ದಳು.

ಆದರೆ ಅಳತೆಯ ಮಿಷಿನ್ ಬಿಚ್ಚಿದ್ದು ಬರೀ ಹೇಸಿಕೊಳ್ಳುವುದಕ್ಕಲ್ಲ. ಅದರ ಡಿಸ್ಕು ಎರಡು ವಾರದಿಂದ ಟಕ್ ಟಕ್ ಎಂದು ಹಲ್ಲು ಕಡಿಯುತ್ತಿತ್ತು. ಅದರೊಳಗೆ ಹನ್ನೊಂದು ಸಾವಿರ ಕಾಲುಗಳಿದ್ದವು. ಒಂದೊಂದು ಕಾಲೂ, ಅಚ್ಚನ್ನು ಅಳೆಯುವ ಮೇಜಿನ ಮೇಲೆ ನಿಲ್ಲಿಸಿ ಅಳೆದ, ನಾಲ್ಕು ಸಾವಿರ ಬಿಂದುಗಳ ಆಕಾರ; ಕಾಗದದಲ್ಲಿ ಬರೆದಿಟ್ಟುಕೊಳ್ಳುವಂಥದ್ದಲ್ಲ. ಆ ಬಿಂದುಗಳನ್ನು ಓದಿ ಕೆತ್ತುವ ಯಂತ್ರಕ್ಕೆ ಕಳಿಸುವ ಪ್ರೋಗ್ರಾಮು ಆ ಮುದಿ ಮಿಷಿನ್ನಿನಲ್ಲಿ ಬಿಟ್ಟರೆ ಬೇರೆಲ್ಲೂ ಓಡುತ್ತಿರಲಿಲ್ಲ. ಅದನ್ನು ಬರೆದ ಪುಣ್ಯಾತ್ಮ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಆ ಹನ್ನೊಂದು ಸಾವಿರದಲ್ಲಿ ಒಂದು ಅವಳ ತಂಗಿಯ ಎಡಗಾಲು.

ತಂಗಿ ಟೈಲರ್. ಬಸ್ಸಿನ ಕೆಳಗೆ ಸಿಕ್ಕಿ ಮಂಡಿಯಿಂದ ಕೆಳಗೆ ಕಳೆದುಕೊಂಡು ಹನ್ನೊಂದು ವರ್ಷ ಆಗಿತ್ತು. ಆಗ ಅವಳಿಗೆ ಹದಿನೆಂಟು ಸಲ ಅಚ್ಚು ಮಾಡಿ ಕಾಲು ಕೂರಿಸಿದ್ದರು, ಹದಿನೆಂಟೂ ಕಚ್ಚಿದ್ದವು. ಪ್ರತಿ ಸಲ ಹುಣ್ಣು, ಕೀವು, ಕೀವಿಗಂಟಿದ ಕಾಲುಚೀಲ. ಆ ಕಾಲುಚೀಲಗಳನ್ನು ಉಸಿರು ಬಿಗಿಹಿಡಿದು ಒಗೆದವಳು ವೈರಕ್ಕ. ಹತ್ತೊಂಬತ್ತನೆಯದು ಕಚ್ಚಲಿಲ್ಲ. ಈಗ ಆ ಕಾಲು ಬಿರುಕು ಬಿಟ್ಟು ಆಕಾರ ಕೆಟ್ಟಿತ್ತು, ಅದೇ ಅಳತೆಯಲ್ಲಿ ಹೊಸದು ಬೇಕಿತ್ತು.

"ಅಕ್ಕಾ, ಟೇಪು ಸುತ್ತಿ ಸುತ್ತಿ ಇದು ಪಾರ್ಸಲ್ ಥರ ಆಗಿದೆ," ಎಂದು ತಂಗಿ ಫೋನಿನಲ್ಲಿ ನಗುತ್ತಿದ್ದಳು. "ಯಾರಾದ್ರೂ ಅಡ್ರೆಸ್ ಬರೆದುಬಿಟ್ಟರೆ ನನ್ನ ಬಿಟ್ಟು ಹೊರಟೇ ಹೋಗುತ್ತೆ."

ವೈರಕ್ಕ ಮೇನೇಜರ್ ಬಳಿ ಹೋದಳು. ಅವರ ಮಿಷಿನ್ನನ್ನೂ ನೋಡಬೇಕಿತ್ತು. ಕೀಬೋರ್ಡ್ ತಿರುಗಿಸಿ ತಟ್ಟಿದಾಗ ಮೇಜಿನ ಮೇಲೆ ಅರ್ಧಚಂದ್ರಾಕಾರದ ಬಿಳಿ ಚೂರುಗಳು ಉದುರಿದವು.

"ಏನ್ ಸಾರ್ ಇದು?"

"ಉಗುರು. ನಂದೇ ಇರಬೇಕು," ಎಂದರು ಮೇನೇಜರ್, ಕಳೆದುಹೋದ ಸಾಮಾನು ಸಿಕ್ಕವರ ಸಂತೋಷದಲ್ಲಿ.

ವೈರಕ್ಕ ಅವನ್ನು ಕಾಗದದಲ್ಲಿ ಗುಡಿಸಿ ಬುಟ್ಟಿಗೆ ಹಾಕಿ ವಿಷಯ ಹೇಳಿದಳು. ಸ್ಟೋರಿನಲ್ಲಿ ಬಿದ್ದಿರುವ ದೊಡ್ಡ ಮಿಷಿನ್ನಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕುವುದು. ಅದರ ಮೇಲೆ ವರ್ಚುವಲ್ ಮಿಷಿನ್ ನಡೆಸುವ ಸಾಫ್ಟ್‌ವೇರ್ ಹಾಕಿ, ಐದು ಹಳೆಯ ಮಿಷಿನ್ನುಗಳನ್ನೂ ಅದರೊಳಗೆ ಕೂರಿಸುವುದು. ದೇಹ ಗುಜರಿಗೆ, ಪ್ರಾಣ ಪೆಟ್ಟಿಗೆಗೆ. ಒಳಗಿರುವ ಪ್ರತಿಯೊಂದಕ್ಕೂ ತಾನಿನ್ನೂ ಹಳೆಯ ಮನೆಯಲ್ಲೇ ಇದ್ದೇನೆಂಬ ಭ್ರಮೆ.

"ಅಂದ್ರೆ ದೆವ್ವ," ಎಂದರು ಮೇನೇಜರ್.

"ಹೂಂ ಸಾರ್. ಆದರೆ ಈ ದೆವ್ವಗಳು ಆಫೀಸಿಗೆ ಬಂದು ಕೆಲಸಾನೂ ಮಾಡ್ತವೆ."

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕ್ರೀ? ಒಂದು ಕಂಪನಿಯವರು ಹೊಸ ಪ್ರೋಗ್ರಾಮ್ ಕೊಡ್ತಾರೆ. ಹಳೇದೆಲ್ಲ ಬಿಟ್ಟು ಸೊನ್ನೆಯಿಂದ ಶುರು ಮಾಡೋಣ."

"ನಿಮ್ಮ ಉಗುರು ಎಲ್ಲೆಲ್ಲಿ ಹೋಗುತ್ತೆ ಅಂತ ಈಗ ತಾನೇ ನೋಡಿದೆ ಸಾರ್. ಹಳಬರೆಲ್ಲ ಮತ್ತೆ ಪ್ಲಾಸ್ಟರ್ ಹಾಕಿಸ್ಕೊಂಡು, ಮತ್ತೆ ಹುಣ್ಣು ಮಾಡ್ಕೋಬೇಕಾ?"

ಮೇನೇಜರ್ ಆಕಳಿಸಿದರು. ಹಲ್ಲುಗಳ ನಡುವೆ ಬೆಳಗಿನ ತಿಂಡಿಯ ಪೂರ್ತಿ ವಿವರ ಕಾಣಿಸಿತು. "ಶುಕ್ರವಾರ ಸಂಜೆ ತನಕ ಟೈಮು. ಆಮೇಲೆ ಕಂಪನಿಯವರು."

"ನಕಲು ಇಡೋಕೆ ಇನ್ನೊಂದು ಡಿಸ್ಕ್ ಬೇಕು ಸಾರ್."

"ಒಂದು ಇದೆಯಲ್ಲ, ಇನ್ನೊಂದು ಯಾಕೆ? ಗಂಡನಿಗೂ ಒಂದು ನಕಲು ಇಟ್ಕೊಂಡಿದೀರಾ?" ಎಂದು ತಮ್ಮ ಮಾತಿಗೆ ತಾವೇ ಹೊಟ್ಟೆ ಕುಣಿಸಿ ನಕ್ಕರು. ವೈರಕ್ಕ ಹೊರಗೆ ಬಂದು ಎರಡು ಸಲ ಕೈ ತೊಳೆದಳು. ಎರಡನೆಯದು ಆ ಮಾತಿಗೆ.

ಲಿನಕ್ಸ್ ಮಾತ್ರ ಮರ್ಯಾದಸ್ಥ. ಅರ್ಧ ಗಂಟೆಯಲ್ಲಿ ತಕರಾರಿಲ್ಲದೆ ಬಂದು ಕೂತಿತು. ಮೇಲಿನ ಸಾಫ್ಟ್‌ವೇರ್ ಹಾಕಿ ಆಜ್ಞೆ ಕೊಟ್ಟರೆ, ‘ಈ ಪ್ರೊಸೆಸರಿಗೆ ಅಷ್ಟು ಸಾಮರ್ಥ್ಯವಿಲ್ಲ’ ಎಂಬ ಉತ್ತರ. ಸಾಮರ್ಥ್ಯವಿತ್ತು, ಆದರೆ ಮಿಷಿನ್ ಏಳುವ ಮೊದಲಿನ ಸೆಟ್ಟಿಂಗಿನಲ್ಲಿ ಯಾರೋ ಅದಕ್ಕೆ ಬೀಗ ಹಾಕಿದ್ದರು. ಇರುವ ಶಕ್ತಿಗೆ ಬೀಗ ಹಾಕಿ ‘ಕೈಲಾಗಲ್ಲ’ ಅನ್ನುವುದು ಈ ಆಫೀಸಿನಲ್ಲಿ ಮಿಷಿನ್ನಿಗೂ ಅಂಟಿದೆಯಲ್ಲ ಎಂದುಕೊಂಡು ಬೀಗ ತೆಗೆದಳು.

ಆಮೇಲೆ ಡಿಸ್ಕುಗಳ ನಕಲು. ನಾಲ್ಕು ಸುಮ್ಮನೆ ಬಂದವು. ಅಳತೆಯ ಡಿಸ್ಕಿಗೆ ಜ್ವರ. ಟೇಬಲ್ ಫ್ಯಾನ್ ಹಚ್ಚಿ, ಬುಧವಾರ ಇಡೀ ದಿನ ಅದರ ಪಕ್ಕ ಕೂತಳು. ಊಟವನ್ನೂ ಅಲ್ಲೇ ಮಾಡಿದಳು, ಜಿರಳೆಗಳ ಬಂಧುಬಳಗ ದೂರದಿಂದ ನೋಡುತ್ತಿರುವಾಗ. ಕೊನೆಯ ತುಣುಕು ಬಂದು ಸೇರಿದ ಸ್ವಲ್ಪ ಹೊತ್ತಿಗೆ ಡಿಸ್ಕು ದೊಡ್ಡದಾಗಿ ಒಮ್ಮೆ ಕೆರೆದು ಸುಮ್ಮನಾಯಿತು, ಮತ್ತೆ ಏಳಲಿಲ್ಲ. ಈಗ ಹನ್ನೊಂದು ಸಾವಿರ ಕಾಲುಗಳೂ ಆ ಪೆಟ್ಟಿಗೆಯೊಳಗಿನ ಒಂದೇ ಫೈಲಿನ ಮೇಲೆ ನಿಂತಿದ್ದವು. ಅದರ ಇನ್ನೊಂದು ನಕಲಿಗೆ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ.

ಹಳೆಯ ಅಳತೆ ಮಿಷಿನ್ ಪೆಟ್ಟಿಗೆಯೊಳಗೆ ಕಣ್ಣು ಬಿಟ್ಟಿತು, ನೀಲಿ ತೆರೆ ತೋರಿಸಿ ಪ್ರಾಣ ಬಿಟ್ಟಿತು. ಏಳು ಸಲ ಎಬ್ಬಿಸಿದಳು, ಏಳೂ ಸಲ ಅದೇ. ಗುರುವಾರ ಮಧ್ಯಾಹ್ನ ಹೊಳೆಯಿತು: ಅವಳು ಅದಕ್ಕೆ ಹೊಸ ತರಹದ ವೇಗದ ಡಿಸ್ಕು ಅಂತ ತೋರಿಸುತ್ತಿದ್ದಳು, ಮುದುಕನಿಗೆ ಅದರ ಗುರುತೇ ಸಿಗುತ್ತಿರಲಿಲ್ಲ. ಒಂದು ಸಾಲು ತಿದ್ದಿ ‘ಇದು ನಿನ್ನ ಅದೇ ನಿಧಾನದ ಡಿಸ್ಕೇ ಕಣಪ್ಪ’ ಎಂದು ಸುಳ್ಳು ಹೇಳಿದಳು. ಮುದುಕ ನಂಬಿದ. ಪ್ರೋಗ್ರಾಮು ತೆರೆದುಕೊಂಡಿತು. ತಂಗಿಯ ಎಡಗಾಲು ತೆರೆಯ ಮೇಲೆ ಹಸಿರು ಗೆರೆಗಳಲ್ಲಿ ತಿರುಗತೊಡಗಿತು.

ಪೆಟ್ಟಿಗೆಯನ್ನು ಆಫೀಸಿನ ಮೂಲೆಯಲ್ಲಿಟ್ಟಳು. ಮೇಜುಗಳ ಮೇಲೆ ತೆರೆ, ಕೀಬೋರ್ಡುಗಳ ಜೊತೆ ಅವನ್ನು ಪೆಟ್ಟಿಗೆಗೆ ಸೇರಿಸುವ ಬೆರಳಗಲದ ಒಂದೊಂದು ಡಬ್ಬಿ ಮಾತ್ರ ಉಳಿದವು. ಅಲ್ಲಿಗೆ ಹೊಸ ರಗಳೆ ಶುರುವಾಯಿತು. ಬಂದವರಿಗೆ ಟೋಕನ್ ಕೊಡುವ ಹಿರಿಯ ಗುಮಾಸ್ತೆ, ಎಲ್ಲರ ಬಾಯಲ್ಲಿ ಟೋಕನ್ ಮೇಡಂ, ಮೇಜಿನ ಕೆಳಗೆ ಬಗ್ಗಿ ಹುಡುಕಿದರು.

"ನನ್ನ ಮಿಷಿನ್ ಎಲ್ಲಿ?"

"ಆ ಪೆಟ್ಟಿಗೇಲಿ ಇದೆ ಮೇಡಂ."

"ಎಲ್ಲರದ್ದೂ ಒಟ್ಟಿಗೇನಾ? ಒಂದರ ರೋಗ ಇನ್ನೊಂದಕ್ಕೆ ಹತ್ತಲ್ವಾ? ಸ್ಟೋರಿನವನ ಮಿಷಿನ್ ಪಕ್ಕ ನಂದು ಇರೋದು ನಂಗಿಷ್ಟ ಇಲ್ಲ. ಅವನು ಕೆಮ್ಮೋದು ನೋಡಿದೀರಾ?"

ಬೆಳಗಿನಿಂದ ಐದು ಜನಕ್ಕೆ ಐದೈದು ಸಲ ವಿವರಿಸಿ ವೈರಕ್ಕನಿಗೆ ಸಾಕಾಗಿತ್ತು. ಐದು ಸ್ಟಿಕ್ಕರ್ ತೆಗೆದು ‘ಟೋಕನ್’, ‘ಅಳತೆ’, ‘ಸ್ಟೋರ್’, ‘ಅಚ್ಚು’, ‘ಮೇನೇಜರ್’ ಎಂದು ಬರೆದು ಪೆಟ್ಟಿಗೆಯ ಮುಖಕ್ಕೆ, ಬಟನ್ನಿನ ಪಕ್ಕದಿಂದ ಶುರುಮಾಡಿ, ಸಾಲಾಗಿ ಅಂಟಿಸಿದಳು. "ಇಗೋ ನೋಡಿ, ನಿಮ್ಮದು. ಸಮಾಧಾನವಾ?" ಟೋಕನ್ ಮೇಡಂ ತಮ್ಮ ಸ್ಟಿಕ್ಕರನ್ನು ಬೆರಳಿಂದ ಸವರಿ, ಅದರ ಮೂಲೆಯನ್ನು ಉಗುಳು ಹಚ್ಚಿ ಇನ್ನಷ್ಟು ಗಟ್ಟಿಯಾಗಿ ಒತ್ತಿದರು.

ಶುಕ್ರವಾರ ಮೂರೂವರೆಗೆ ಅಚ್ಚಿನ ಕೋಣೆಯಲ್ಲಿ ಕೆತ್ತುವ ಯಂತ್ರ ಹೊರಟಿತು. ಅಚ್ಚಿನ ಮೇಷ್ಟ್ರು ಫೋಮಿನ ದಿಮ್ಮಿ ಸಿಕ್ಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಆ ಹತ್ತೊಂಬತ್ತು ಅಚ್ಚುಗಳನ್ನೂ ಮಾಡಿದವರು ಅವರೇ. ಪೆಟ್ಟಿಗೆಯೊಳಗಿನ ಮುದುಕ ಒಂದೊಂದೇ ಸಾಲು ಬಿಂದುಗಳನ್ನು ಕಳಿಸುತ್ತಿದ್ದ. ಅದರಂತೆ ದಿಮ್ಮಿ ತಿರುಗುತ್ತ, ಮೇಲಿನಿಂದ ಕೆಳಕ್ಕೆ ತಂಗಿಯ ಕಾಲಿನ ಆಕಾರ ಬಿಚ್ಚಿಕೊಳ್ಳುತ್ತಿತ್ತು. ವೈರಕ್ಕನ ಬಾಯಿಗೆಲ್ಲ ಫೋಮಿನ ಪುಡಿ. ಅಂದು ಅದಕ್ಕೂ ಅವಳು ಮುಖ ಸಿಂಡರಿಸಲಿಲ್ಲ.

ನಾಲ್ಕೂವರೆಗೆ ಯಂತ್ರ ನಿಂತಿತು.

ವೈರಕ್ಕ ಆಫೀಸಿಗೆ ಓಡಿದಳು. ಐದೂ ತೆರೆಗಳು ಕಪ್ಪು. ಪೆಟ್ಟಿಗೆಯ ದೀಪ ಆರಿತ್ತು. ಟೋಕನ್ ಮೇಡಂ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿದ್ದರು.

"ಯಾರು ಆರಿಸಿದ್ದು?"

"ನಾನೇ."

"ಯಾಕೆ ಮೇಡಂ?"

"ಯಾಕೆ ಅಂದ್ರೆ? ಮನೆಗೆ ಹೊರಟೆ, ನನ್ನ ಮಿಷಿನ್ ಆರಿಸಿದೆ. ನನ್ನ ಸ್ಟಿಕ್ಕರ್ ಪಕ್ಕದ ಬಟನ್ ಒತ್ತಿದರೆ ಬೇಗ ಆರಲಿಲ್ಲ, ದೀಪ ಹೋಗೋ ತನಕ ಹಿಡ್ಕೊಂಡೇ ಇದ್ದೆ. ಬೇರೆ ಯಾರದ್ದೂ ಮುಟ್ಟಿಲ್ಲಮ್ಮ, ಆಣೆ!"

ಗೋಡೆಯ ಮೇಲೆ, ಪೆಟ್ಟಿಗೆಯ ನೇರಕ್ಕೆ, ಒಂದು ಬೋರ್ಡಿತ್ತು: ‘ಹೋಗುವಾಗ ನಿಮ್ಮ ಮಿಷಿನ್ ನೀವೇ ಆರಿಸಿ.’ ಒಂದು ಸಲ ಮಿಷಿನ್ ಕಾದು ಕಿಟಕಿಯ ಪರದೆ ಸುಟ್ಟ ಮೇಲೆ ಬರೆಸಿದ್ದು. ಕೆಳಗೆ ಸಹಿ ವೈರಕ್ಕನದೇ. ಇಪ್ಪತ್ತು ವರ್ಷದಲ್ಲಿ ಆ ಬೋರ್ಡಿನ ಮಾತನ್ನು ಒಂದು ದಿನವೂ ಮೀರದೆ ಪಾಲಿಸಿದ್ದು ಆಫೀಸಿನಲ್ಲಿ ಒಬ್ಬರೇ.

ಟೋಕನ್ ಮೇಡಂ ಮೇಲೆ ಕೂಗಾಡಲು ಹೊರಟವಳು ಬೋರ್ಡಿನ ಕಡೆ ತಿರುಗಿದಳು. ಬೋರ್ಡು ತನ್ನದು, ಸ್ಟಿಕ್ಕರೂ ತನ್ನದು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡವರನ್ನು ಕಂಡಿದ್ದಳು. ತಂಗಿಯ ಕಾಲಿನ ಮೇಲೆ ಹಾಕಿದವಳು ತಾನೊಬ್ಬಳೇ ಇರಬೇಕು. ಇಷ್ಟು ದಿನ ಕೀಬೋರ್ಡಿನ ಕೊಳೆಗೆ, ಮೇನೇಜರ್ ಉಗುರಿಗೆ ಬರುತ್ತಿದ್ದ ವಾಕರಿಕೆ ಈಗ ತನ್ನ ಮೇಲೆಯೇ ಬಂತು. ಅದನ್ನು ಯಾವ ಸೋಪಿನಲ್ಲಿ ತೊಳೆಯುವುದು?

ಪೆಟ್ಟಿಗೆ ಮತ್ತೆ ಹಚ್ಚಿದಳು. ನಾಲ್ಕು ಮಿಷಿನ್ನುಗಳು ಎದ್ದವು. ಮುದುಕನೂ ನರಳಿಕೊಂಡು ಎದ್ದ. ಹನ್ನೊಂದು ಸಾವಿರ ಕಾಲುಗಳ ಪಟ್ಟಿ ಬಂತು. ಒಂದೊಂದರ ಮುಂದೂ ಬಿಂದುಗಳ ಲೆಕ್ಕವಿತ್ತು, ಅಲ್ಲಲ್ಲಿ ತೆರೆದು ನೋಡಿದರೆ ಎಲ್ಲ ಸರಿಯಿದ್ದವು. ದೀಪ ಆರಿದ ಗಳಿಗೆಯಲ್ಲಿ ಮುದುಕ ತೆರೆದು ಕೆತ್ತನೆಯ ಲೆಕ್ಕ ಬರೆಯುತ್ತಿದ್ದ ಫೈಲು ಮಾತ್ರ ಖಾಲಿ. ತಂಗಿಯ ಹೆಸರಿನ ಮುಂದೆ ಸೊನ್ನೆ ಬಿಂದು.

"ಅಂತೂ ಎಲ್ಲಾ ಬಂತಲ್ಲ!" ಎಂದು ಮೇನೇಜರ್ ಅವಳ ಭುಜದ ಮೇಲೆ ಬಗ್ಗಿ, ಕುತ್ತಿಗೆಗೆ ಬಿಸಿ ಉಸಿರು ಬಿಟ್ಟರು. "ನಾವು ಮನಸ್ಸು ಮಾಡಿದರೆ ಆಗದೇ ಇರೋದು ಏನಿದೆ? ಒಂದು ತಾನೇ ಹೋಗಿದ್ದು." ಕಂಪನಿಯವರಿಗೆ ಬೇಡವೆಂದು ಅಲ್ಲೇ ಫೋನ್ ಮಾಡಿದರು, ‘ನಾನೇ ಮಾಡಿಸಿದೆ’ ಎಂದೂ ಸೇರಿಸಿದರು. ವೈರಕ್ಕ ಸ್ಕ್ರೂಡ್ರೈವರ್ ತಂದು, ಪೆಟ್ಟಿಗೆಯ ಬಟನ್ನಿನ ಹಿಂದಿನ ವೈರು ಕಿತ್ತು ಕಿಸೆಗೆ ಹಾಕಿಕೊಂಡಳು.

ಅಚ್ಚಿನ ಕೋಣೆಯಲ್ಲಿ ಮೇಷ್ಟ್ರು ಯಂತ್ರದಿಂದ ದಿಮ್ಮಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು. ಅರ್ಧ ಕಾಲು, ಅರ್ಧ ಕಂಬ.

"ಇದನ್ನ ಬಿಸಾಕ್ಬೇಡ," ಎಂದರು. "ಇಲ್ಲಿ ಮುಟ್ಟಿ ನೋಡು. ಮೇಲಿನ ಬಾಯಿ, ಮಂಡಿ ಕೂರೋ ಜಾಗ, ಪೂರಾ ಬಂದಿದೆ. ಹತ್ತೊಂಬತ್ತು ಸಲ ಒದ್ದಾಡಿದ್ದೆಲ್ಲ ಈ ಬಾಯಿಗೆ. ಕೆಳಗಿಂದು ಯಾವತ್ತೂ ಇಷ್ಟು ತಕರಾರು ಮಾಡ್ಲಿಲ್ಲ."

"ಕೆಳಗಿಂದಕ್ಕೆ?"

"ಹೊಸದಾಗಿ ಪ್ಲಾಸ್ಟರ್ ಹಾಕಿ ತೆಗೀತೀನಿ. ಎರಡನ್ನೂ ಕೂಡಿಸಿ ಕೈಯಲ್ಲೇ ಉಜ್ಜಬೇಕು. ಆಗುತ್ತೆ ಅಂತ ಹೇಳಲ್ಲಮ್ಮ. ನೋಡೋಣ."

ತಂಗಿಗೆ ಹೇಳುವುದು ಎಲ್ಲಕ್ಕಿಂತ ಹೊಲಸು ಕೆಲಸವಾಗಿತ್ತು. ವೈರಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು, ಸ್ಟಿಕ್ಕರಿನ ವಿಷಯವನ್ನೂ ಬಿಡದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹತ್ತೊಂಬತ್ತರ ಲೆಕ್ಕ ಮತ್ತೆ ಒಂದರಿಂದನಾ ಅಕ್ಕ?" ಎಂದಳು. ಈ ಸಲ ನಗಲಿಲ್ಲ.

ಮೊದಲನೆಯದು ಕಚ್ಚಿತು. ಚರ್ಮ ಕೆಂಪಾಗಿ ನೀರು ಒಸರುವಷ್ಟು ಕಚ್ಚಿತು. ಎರಡನೆಯದು ಕೆಳಗೆ ಹಿಂಬದಿಗೆ ಒತ್ತಿತು. ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಹಾಕಿ, ಅಚ್ಚನ್ನು ಅರದಿಂದ ಉಜ್ಜಿ, ಮತ್ತೆ ಬರಲು ಹೇಳಿದರು. ಒಂದು ತಿಂಗಳು ಹೀಗೇ ಕಳೆಯಿತು. ಮೂರನೆಯ ಸಲ ತಂಗಿ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು, ಕಂಬಿ ಬಿಟ್ಟು ನಾಲ್ಕು.

"ಹೇಗಿದೆ?" ಎಂದರು ಮೇಷ್ಟ್ರು.

"ಮಾತಾಡಿಸಬೇಡಿ," ಎಂದಳು ತಂಗಿ. ಬಾಗಿಲ ತನಕ ಹೋಗಿ ಬಂದಳು. ಮತ್ತೆ ಹೋದಳು. ಈ ಸಲ ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಯ ಅಂಚಿಗೆ ಹೋಗಿ ನಿಂತು, ಹಿಂದಿರುಗಿ ನೋಡಿದಳು. "ಅಕ್ಕಾ, ನನ್ನ ಹಳೇ ಪಾರ್ಸಲ್ ನೀನೇ ತಗೊಂಡು ಬಾ. ನಾನು ನಡ್ಕೊಂಡು ಹೋಗ್ತೀನಿ!"

ಕೆಲಸ ಮುಗಿದ ಅಚ್ಚುಗಳನ್ನು ಸಂಜೆ ಒಡೆದು ಕಸಕ್ಕೆ ಹಾಕುವುದು ಆ ಕೋಣೆಯ ಪದ್ಧತಿ. ವೈರಕ್ಕ ಅರ್ಧ ಫೋಮು, ಅರ್ಧ ಪ್ಲಾಸ್ಟರಿನ ಆ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಳತೆಯ ಕೋಣೆಗೆ ಹೋದಳು. ಅಳೆಯುವ ಮೇಜಿನ ಮೇಲೆ ನಿಲ್ಲಿಸಿ, ಬಾಗಿಲಿಗೆ ಒಳಗಿನಿಂದ ಕುರ್ಚಿ ಅಡ್ಡ ಹಾಕಿ, ಅದರ ಮೇಲೆ ತಾನೇ ಕೂತಳು. ನಾಲ್ಕು ಸಾವಿರ ಬಿಂದುಗಳು ಒಂದೊಂದಾಗಿ ಪೆಟ್ಟಿಗೆಗೆ ಇಳಿಯತೊಡಗಿದವು. ಮನೆಗೆ ಹೊರಟ ಟೋಕನ್ ಮೇಡಂ, "ಅಲ್ಲಿ ಮಿಷಿನ್ ಆರಿಸಿದ್ದೀರಾ?" ಎಂದು ಹೊರಗಿನಿಂದ ಎರಡು ಸಲ ಬಾಗಿಲು ತಟ್ಟಿದರು. ಅವಳು ತೆಗೆಯಲಿಲ್ಲ.