ಬ್ಯಾರನ್ ಬಿಸಿಗೆ ಹಿಟ್ಟಾದ ಹರಳು

ಬೆಳಗ್ಗೆ ಎದ್ದು ನೋಡುತ್ತೇನೆ, ಬಾಟಲಿ ಖಾಲಿ!

ಒಳಗಿದ್ದ ನೀರೂ ಇಲ್ಲ, ಹರಳೂ ಇಲ್ಲ.

ಎಪ್ಪತ್ತರ ದಶಕದ ಮಾತು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ದಸರಾ ರಜೆಗೆ ಗಾವಡಗೆರೆ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಹರಳುಗಳನ್ನೂ, ಒಣಗದಂತೆ ಅವು ಬೆಳೆದ ನೀರಿನಲ್ಲೇ ಬಾಟಲಿಯಲ್ಲಿಟ್ಟು, ಜೊತೆಗೇ ತಂದಿದ್ದೆ. ಹಿಂದೊಮ್ಮೆ ಲ್ಯಾಬಿನಲ್ಲಿ ಬಿಟ್ಟು ಬಂದಾಗ ಯಾರೋ ಪುಣ್ಯಾತ್ಮರು ಬಾಟಲಿ ತೊಳೆದು ಕವುಚಿಟ್ಟಿದ್ದರು.

ಅದು ಒಂದು ಸಾವಯವ ಆಮ್ಲದ ಹೈಡ್ರೇಟ್. ಆಮ್ಲದ ಅಣುಗಳ ನಡುವೆ ನೀರಿನ ಅಣು ಕೂತು, ಅಕ್ಕಪಕ್ಕದವನ್ನೆಲ್ಲ ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ಯಾವುದು ಯಾವುದನ್ನು ಹಿಡಿದಿದೆ ಎಂದು ಎಕ್ಸ್-ರೇ ಫಿಲಂ ತೆಗೆದು ಕಂಡುಹಿಡಿಯುವುದೇ ನನ್ನ ಕೆಲಸ.

ರಜೆ ಮುಗಿದ ಕೂಡಲೇ ಎಕ್ಸ್-ರೇ ಕ್ಯಾಮೆರಾ ನನ್ನ ಸರದಿಗೆ ಬರುವುದಿತ್ತು. ತಪ್ಪಿದರೆ ಮುಂದಿನದು ಯುಗಾದಿ ಕಳೆದ ಮೇಲೆ. ಅಪ್ಪನೋ, ಸಂಕ್ರಾಂತಿ ಆದಮೇಲೆ ನನ್ನ ಮದುವೆ, ಓದು ಅಲ್ಲಿಗೆ ಸಾಕು ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

"ಅತ್ತಿಗೆ, ಬಾಟ್ಲೀಲಿದ್ದಿದ್ದು ಏನಾಯ್ತು?"

ಅಣ್ಣನ ಹೆಂಡತಿ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಹಾಕಿ ಹಾಕಿ ಅವರ ಕಣ್ಣು ಕೆಂಪಾಗಿತ್ತು.

"ಅಯ್ಯೋ, ನೀರೊಳ್ಗೆ ನೆನೀತಾ ಬಿದ್ದಿದ್ವು ಕಣಮ್ಮಿ. ಕೆಟ್ಟೋಯ್ತವೆ ಅಂತ ನೀರ್ ಬಸ್ದು, ಬ್ಯಾರನ್ ಬಾಗ್ಲತ್ರ ಬಟ್ಟೆ ಮ್ಯಾಲೆ ಒಣಾಕಿದೀನಿ. ಒಂದೂ ಚೆಲ್ಲಿಲ್ಲ."

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಮನೆಗೆ ತೇವ ಅಂದರೆ ಶತ್ರು. ತೇವ ಉಳಿದ ಸೊಪ್ಪು ಬೂಷ್ಟು ಹಿಡಿದರೆ ವರ್ಷದ ಅನ್ನ ಹೋದಂತೆ. ಹಾಗಾಗಿ ಒದ್ದೆ ಕಂಡದ್ದನ್ನೆಲ್ಲ ಬ್ಯಾರನ್ ಬಿಸಿಗೆ ಇಡುವುದು ರೂಢಿ. ಕೊಬ್ಬರಿ, ಸೀಗೆಕಾಯಿ, ಮಗುವಿನ ಬಟ್ಟೆ... ಈಗ ನನ್ನ ಹರಳು.

ಓಡಿ ಹೋಗಿ ನೋಡಿದೆ. ಗಾಜಿನ ಹಾಗೆ ಹೊಳೆಯುತ್ತಿದ್ದ ಹರಳುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಬೆರಳು ತಾಕಿಸಿದರೆ ಹಿಟ್ಟು. ಒಳಗಿನ ನೀರು ಹೊರಟುಹೋಗಿ, ಅದು ಹಿಡಿದಿದ್ದ ಜೋಡಣೆಯೆಲ್ಲ ಕುಸಿದಿತ್ತು.

ಕೂಗಾಡಲೂ ಶಕ್ತಿಯಿರಲಿಲ್ಲ. "ಮುಗೀತು ಬುಡಿ ಅತ್ತಿಗೆ" ಎಂದು ಸೌದೆ ರಾಶಿಯ ಮೇಲೆ ಕುಸಿದು ಕೂತೆ. ಕೂತಲ್ಲೇ ನಿದ್ದೆ ಬರುತ್ತಿತ್ತು. ಅಷ್ಟು ಸುಸ್ತು.

"ಇಬ್ನಿಗೆ ಇಟ್ರೆ ಸರೋಯ್ತದಾ? ಸೊಪ್ಪು ಗರಿಗರಿಯಾದ್ರೆ ಅಂಗೇ ತಾನೆ ಮೆತ್ತಗ್ ಮಾಡಾದು?" ಎಂದು ಅತ್ತಿಗೆ ಕೇಳಿದರು.

ಆಗಲ್ಲ ಎಂದೆ. ಪುಡಿಯನ್ನು ಮತ್ತೆ ಕರಗಿಸಬಹುದು. ಆದರೆ ಅಂಥ ಹರಳು ಬೆಳೆಯಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಸರದಿ ಹೋಗುತ್ತದೆ, ಮದುವೆ ಬರುತ್ತದೆ... ಅದನ್ನೂ ಹೇಳಿದೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾರೆ.

ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅತ್ತೆಯ ಮೂಲಕ. ಅತ್ತಿಗೆ ಈ ಮನೆಗೆ ಬಂದಾಗಿನಿಂದ ಅಪ್ಪನ ಜೊತೆ ನೇರವಾಗಿ ಒಂದು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅವತ್ತು ಸಾರಿನ ಪಾತ್ರೆ ಕೆಳಗಿಟ್ಟು ಎದುರಿಗೇ ಬಂದರು.

"ಮಾವ, ಅವ್ಳ ಓದು ಕೆಡ್ಸಿದ್ದು ನಾನು. ಮದ್ವೆ ಒಂದ್ ವರ್ಸ ಮುಂದಕ್ಕಾಕಿ."

ಅಪ್ಪನ ತುತ್ತು ಕೈಯಲ್ಲೇ ನಿಂತಿತು. ಅಮ್ಮ "ಏನೇ ನಿಂದು!" ಎಂದು ಗದರಿದರು. ಅತ್ತಿಗೆ ಕದಲಲಿಲ್ಲ. "ಬಯ್ಯೋದಾದ್ರೆ ನನ್ನ ಬೈರಿ, ಅವ್ಳು ಓದ್ಲಿ" ಎಂದರು.

ಅಪ್ಪ ಕೈ ತೊಳೆದು, ನನ್ನ ಕಡೆ ನೋಡಿ "ಆಯ್ತು, ಬರೋ ವರ್ಸ" ಎಂದು ಹೊರಗೆ ಹೋದರು.

ಮತ್ತೆ ಹರಳು ಬೆಳೆಸಿದೆ. ಯುಗಾದಿ ಕಳೆದ ಮೇಲೆ ಫಿಲಂ ತೆಗೆದೆ. ಅದರ ಮೇಲೆ ಎಕ್ಸ್-ರೇ ಮೂಡಿಸಿದ ಚುಕ್ಕೆಗಳ ಕಪ್ಪನ್ನು ಅಳೆದೂ ಅಳೆದೂ ಕಣ್ಣು ಸೋತವು. ಕೊನೆಗೆ ನೀರಿನ ಅಣು ಎಲ್ಲಿ ಕೂತಿದೆ, ಯಾವುದನ್ನೆಲ್ಲ ಹಿಡಿದಿದೆ ಎಂಬುದು ಸಿಕ್ಕಿತು. ಪದವಿಯೂ ಬಂತು.

ಅಪ್ಪ ಮಾತ್ರ, ಅತ್ತಿಗೆ ಎದುರು ನಿಂತು ಮಾತಾಡಿದ ಆ ದಿನದಿಂದ ಅವರು ಬಡಿಸಿದ್ದನ್ನು ಉಣ್ಣಲಿಲ್ಲ. ಅಮ್ಮನೇ ಬಡಿಸಬೇಕು. ಅಪ್ಪ ತೀರಿಕೊಳ್ಳುವವರೆಗೂ ಹಾಗೆಯೇ ನಡೆಯಿತು.

ನಿಮಗಾಗಿ ಬಾಯಿ ಬಿಟ್ಟವರು ಆಮೇಲೆ ಏನು ತೆತ್ತರು ಎಂದು ನೀವು ಯಾವತ್ತಾದರೂ ಕೇಳಿದ್ದೀರಾ?