ಟಿ.ವಿ.ಗೆ ಬೆನ್ನು ಕೊಟ್ಟು ನಿಂತ ಗಿರಿಜಕ್ಕೋರು

ಗಿರಿಜಕ್ಕೋರು ಟಿ.ವಿ. ಹಚ್ಚಿದರೆ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಒಂದು ಕೈ ಹಿಂದಕ್ಕೆ ಚಾಚಿ ಗುಂಡಿಯ ಮೇಲೆ, ಕಣ್ಣು ಚಾಪೆಯ ಮೇಲೆ ಕುಳಿತ ಮೂವತ್ತು ಮಕ್ಕಳ ಮೇಲೆ. ಬೆನ್ನ ಹಿಂದೆ ಕರಡಿ ಕುಣಿಯಲಿ, ಗೊಂಬೆ ಹಾಡಲಿ, ಒಮ್ಮೆಯೂ ತಿರುಗಿ ನೋಡಿದವರಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರೆ, ತುಟಿ ಅಲುಗಿದರೆ, ಯಾವುದೋ ಒಂದು ಎದ್ದು ಕುಣಿದರೆ ಟಿ.ವಿ. ನಡೆಯುತ್ತಿತ್ತು. ಬಾಯಿ ತೆರೆದು ಕಲ್ಲಿನಂತೆ ಕುಳಿತರೋ, ಟಪ್ ಎಂದು ಬಂದ್.

"ಬಾಯಾಗ ನೊಣ ಹೊಕ್ಕರೂ ಖಬರಿಲ್ಲ ಇವಕ್ಕ. ಹಾಡು ಕಲಿಸತೈತೆಂತ, ಹಾಡು! ಸುಮ್ಮ ಕುಂದರೂದು ಕಲಿಸಾಕ ಕರೆಂಟ್ ಬೇಕೇನು?"

ಹೀಗೆಂದು ತಾಟು ಚಮಚ ತೆಗೆದುಕೊಂಡು, ಟಿ.ವಿ. ನಿಲ್ಲಿಸಿದ ಸಾಲಿನಿಂದಲೇ ತಾವು ಶುರು ಮಾಡುತ್ತಿದ್ದರು. ಕಲ್ಲಾಗಿದ್ದ ಮಕ್ಕಳು ಕಪ್ಪೆಗಳಂತೆ ಜಿಗಿಯುತ್ತಿದ್ದವು.

ನಮ್ಮ ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಅಕ್ಕೋರದು ತದ್ವಿರುದ್ಧ. ಮಾಸಿದ ನೂಲಿನ ಸೀರೆ, ಬಡಕಲು ಮೈ, ನೋಡಿದರೆ ಬಣ್ಣವೇ ಇಲ್ಲ. ಖಾರವೋ, ನೆತ್ತಿಗೆ ಹತ್ತುವಂಥದ್ದು. ನಮ್ಮ ಓಣಿಯ ಶಿಶುವಿಹಾರದಲ್ಲಿ ಹದಿನಾಲ್ಕು ವರ್ಷ ಕಲಿಸಿದರು. ಆ ಹದಿನಾಲ್ಕು ವರ್ಷದಲ್ಲಿ ಅವರಿಂದ ಬೈಸಿಕೊಳ್ಳದ ತಾಯಿ ಇರಲಿಲ್ಲ, ಬೈಸಿಕೊಂಡ ಮಗು ಇರಲಿಲ್ಲ. ಮಕ್ಕಳ ಮೇಲೆ ಅವರು ದನಿ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ.

ಟಿ.ವಿ. ಬಂದದ್ದು ತೊಂಬತ್ತರ ಆಸುಪಾಸು. ಮೆಣಸಿನಕಾಯಿ ದಲಾಲಿಯ ಸಾವ್ಕಾರರೊಬ್ಬರು ಶಿಶುವಿಹಾರದ ಕಮಿಟಿಗೆ ಅಧ್ಯಕ್ಷರು. ತಮ್ಮ ತಾಯಿಯ ಹೆಸರಿನಲ್ಲಿ ಕಲರ್ ಟಿ.ವಿ., ವಿ.ಸಿ.ಆರ್. ಎರಡನ್ನೂ ಕೊಟ್ಟರು. ಅಕ್ಕೋರು ಬಡಿಗೇರನಿಂದ ಅದಕ್ಕೊಂದು ಬಾಗಿಲಿನ ಪೆಟ್ಟಿಗೆ ಮಾಡಿಸಿ ಬೀಗ ಜಡಿದರು. ಕೀಲಿ ಅವರ ಸೊಂಟದಲ್ಲಿ.

ಕ್ಯಾಸೆಟ್ ಬೇಕಲ್ಲ? ಅದಕ್ಕೆ ರಾಣೇಬೆನ್ನೂರಿಗೆ ಹೊರಟರು. ಒಬ್ಬರೇ ಅಲ್ಲ, ಮೂರು ಮಕ್ಕಳನ್ನು ಕಟ್ಟಿಕೊಂಡು. ಅದರಲ್ಲಿ ನನ್ನ ಮಗಳು ಸುಮಾ ಒಬ್ಬಳು. ಮೂರೂವರೆ ವರ್ಷವಾದರೂ ಅವಳ ಬಾಯಿಂದ ಅವ್ವ, ನೀರು, ಬ್ಯಾಡ, ಇಷ್ಟರ ಹೊರತು ಮಾತು ಹೊರಟಿರಲಿಲ್ಲ. ಅದೇ ಕೊರಗಿನಲ್ಲಿ ನಾನು ಒಳಗೊಳಗೇ ಬೇಯುತ್ತಿದ್ದೆ. ಹಿಂದೆಯೇ ನಾನೂ ಬಸ್ಸು ಹತ್ತಿದೆ.

ಕ್ಯಾಸೆಟ್ ಅಂಗಡಿಯಲ್ಲಿ ಅಕ್ಕೋರು ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ, "ಹಾಕ್ರಿ ಒಂದೊಂದ" ಅಂದರು.

ಅಂಗಡಿಯವ ಕಣ್ಣು ಕಣ್ಣು ಬಿಟ್ಟ. "ಅಕ್ಕಾರ, ಇದೇನು ಟಾಕೀಜೇನ್ರಿ? ತಗೊಂಡು ಹೋಗಿ ಮನ್ಯಾಗ ನೋಡ್ರಿ."

"ನಿನ್ನ ಹೇಂತಿ ಸೀರಿ ತರೂಮುಂದ ಹೆಗಲ ಮ್ಯಾಲ ಹಾಕ್ಕೊಂಡು ನೋಡ್ತಾಳ ಇಲ್ಲೋ? ಇದೂ ಹಂಗ. ಇವಕ್ಕ ಒಪ್ಪತೈತೋ ಇಲ್ಲೋ ನೋಡಬೇಕು. ಹಾಕು."

ಇಂಗ್ಲಿಷ್ ಪದ್ಯಗಳದ್ದು ಬಂತು. ಬಣ್ಣವೇನು, ಥಳಕೇನು! ನನಗೇ ಖುಷಿಯಾಯಿತು. ಅಕ್ಕೋರು ಟಿ.ವಿ.ಗೆ ಬೆನ್ನು ಕೊಟ್ಟು, ಆ ಮೂರು ಮುಖ ನೋಡುತ್ತ ನಿಂತಿದ್ದರು. "ತಗಿ ಅದನ್ನ."

"ಇಂಗ್ಲಿಷ್ ಚಲೋ ಅಲ್ಲೇನ್ರಿ ಅಕ್ಕೋರ?" ಅಂದೆ.

"ಇಂಗ್ಲಿಷ್ ಮ್ಯಾಲೆ ನನಗೇನು ಸಿಟ್ಟು? ಒಂದು ಮಗಾನೂ ಮಿಸುಕಲಿಲ್ಲ, ನೋಡಿದೇನು? ಉಸರ ಬಿಡಾಕ ಜಾಗಾ ಇಲ್ಲ ಅದರಾಗ. ದಡಾ ದಡಾ ದಡಾ ಓಡತೈತಿ."

ಐದಾರು ಹೀಗೇ ತಿರಸ್ಕಾರವಾದವು. ಕಡೆಗೆ ಅಂಗಡಿಯವ ಮೂಲೆಯಿಂದ ಧೂಳು ಹಿಡಿದ ಒಂದನ್ನು ತೆಗೆದ. ಚಿತ್ರ ಮಬ್ಬು ಮಬ್ಬು. ಕಾಯಿಪಲ್ಲೆ ಮಾರುವ ಒಂದು ಮುದುಕಿ ಗೊಂಬೆ. ತಲೆಯ ಮೇಲಿನ ಬುಟ್ಟಿ ಇಳಿಸಿ, "ಬುಟ್ಟಿಯಲಿ ಏನಿದೆ?" ಎಂದು ಹಾಡಿ ಸುಮ್ಮನಾಗುತ್ತಿತ್ತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಆಮೇಲೆ ಬದನೆಕಾಯಿ ತೆಗೆದು ತೋರಿಸುತ್ತಿತ್ತು. ನಮ್ಮ ಇಬ್ಬರು ಮಕ್ಕಳು ಆ ಸುಮ್ಮನಿದ್ದ ಹೊತ್ತಿನಲ್ಲಿ "ಮೆಣಸಿನಕಾಯಿ!" ಎಂದು ಕಿರುಚಿದರು. ಬ್ಯಾಡಗಿಯವರಿಗೆ ಬುಟ್ಟಿಯಲ್ಲಿ ಇನ್ನೇನು ಇದ್ದೀತು!

"ಇದ ಬೇಕು ನನಗ," ಅಂದರು ಅಕ್ಕೋರು. "ಇದು ಕೇಳಿ ನಿಂದರತೈತಿ, ನೋಡು. ಮಗಾ ಏನರ ಅಂದೀತು ಅಂತ ಹಾದಿ ಕಾಯತೈತಿ. ಮತ್ತ ನಿನ್ನ ಮಗಳ ತುಟಿ ಅಳ್ಳಾಡಿದ್ವು."

ನಾನು ನೋಡಿರಲಿಲ್ಲ. ನಾನು ಟಿ.ವಿ. ನೋಡುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಓಣಿಗೆ ಕೇಬಲ್ ಬಂತು. ಮನೆಯಲ್ಲಿ ಸುಮಾಳನ್ನು ಟಿ.ವಿ. ಮುಂದೆ ಕೂರಿಸಿದರೆ ಬಾಯಿ ತೆರೆಯುತ್ತಿದ್ದಳು, ನಾನು ತುತ್ತು ಇಡುತ್ತಿದ್ದೆ. ಹಟವಿಲ್ಲ, ಅಳುವಿಲ್ಲ. ಒಂದು ಸಂಜೆ ಅಕ್ಕೋರು ಹಾದುಹೋಗುತ್ತ ಅದನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಏ ಶಕುಂತಲಾ, ಕೂಸಿಗೆ ಉಣಸಾಕತ್ತೀಯೋ, ಚೀಲಕ್ಕ ಕಾಳು ತುಂಬಾಕತ್ತೀಯೋ? ನಾ ಅಲ್ಲೆ ಮುಂಜಾನಿಂದ ಅದರ ಬಾಯಿಂದ ಒಂದು ಮಾತು ತಗೀಬೇಕಂತ ಬಡಕೋತೇನಿ. ನೀ ಇಲ್ಲೆ ಸಂಜಿಗೆ ಅದ ಬಾಯಿಗೆ ಬಿರಡಿ ಜಡೀತಿ!"

ಎದುರು ಮನೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಮಾತಾಡದ ಮಗಳ ತಾಯಿಗೆ ಓಣಿಯ ಮುಂದೆ ಆಡುವ ಮಾತೇ ಅದು? ಆ ಸಿಟ್ಟನ್ನು ನಾನು ಉಗುಳಲಿಲ್ಲ, ಇಟ್ಟುಕೊಂಡೆ. ಅದೇ ತಪ್ಪಾಯಿತು.

ಆ ವರ್ಷ ಸಾವ್ಕಾರರು ಶಿಶುವಿಹಾರಕ್ಕೂ ಕೇಬಲ್ ಎಳೆಸಿದರು. ಹತ್ತರಿಂದ ಹನ್ನೆರಡರವರೆಗೆ ಟಿ.ವಿ. ಹಚ್ಚಿರಬೇಕು, ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಮಕ್ಕಳು ಅದರಲ್ಲಿ ಬರುವ ಸಿನೆಮಾ ಹಾಡಿಗೆ ಕುಣಿಯಬೇಕು ಎಂದು ಹುಕುಂ. ಹಾವೇರಿಯಿಂದ ದೊಡ್ಡವರು ಬರುವವರಿದ್ದರಂತೆ.

"ನಾಕು ವರ್ಷದ ಕೂಸು ನಡಾ ಕುಣಿಸೂದು ನೋಡಾಕ ಹಾವೇರಿಯಿಂದ ಬರ್ತಾರೇನ್ರಿ? ನಾಚಿಕಿ ಬರೂದಿಲ್ಲೇನು ಅವರಿಗೆ? ನಿಮಗ?" ಎಂದು ಕಮಿಟಿಯ ಎದುರಿಗೇ ಕೇಳಿದರು ಅಕ್ಕೋರು. ಕೇಬಲ್ಲಿನ ವೈರನ್ನು ಕಿತ್ತು, ಸುರುಳಿ ಸುತ್ತಿ ಸಾವ್ಕಾರರ ಮೇಜಿನ ಮೇಲೆ ಇಟ್ಟರು.

ಮೂರನೆಯ ದಿನ ಕಮಿಟಿಯ ಕಡೆಯಿಂದ ಅರ್ಜಿ ಹೊರಟಿತು. ಟಿ.ವಿ. ಇದ್ದೂ ಮಕ್ಕಳಿಗೆ ತೋರಿಸುವುದಿಲ್ಲ, ತಾಯಂದಿರನ್ನು ಬೈಯುತ್ತಾರೆ, ಇವರನ್ನು ಬಿಡಿಸಬೇಕು ಎಂದು. ಮನೆ ಮನೆಗೆ ಬಂತು. ಇಪ್ಪತ್ತೆರಡು ತಾಯಂದಿರು ಸಹಿ ಹಾಕಿದರು. ಒಂಬತ್ತನೆಯದು ನನ್ನದು. ಸುಳ್ಳು ಯಾಕೆ ಹೇಳಲಿ? ಆ ಹೊಸ್ತಿಲ ನೆನಪಾಗಿ, ಸಹಿ ಬಲು ದುಂಡಗೆ ಬಂತು.

ಅಕ್ಕೋರು ಕೀಲಿ ಕೊಟ್ಟು ಗುತ್ತಲದ ತಮ್ಮನ ಮನೆಗೆ ಹೊರಟುಹೋದರು. ಹೋಗುವ ದಿನ ನಮ್ಮ ಮನೆ ಮುಂದೆಯೇ ಹಾದರು. ನಾನು ಒಳಗೆ ನಿಂತಿದ್ದೆ. ಅವರು ನಿಲ್ಲಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಕರೆಂಟ್ ಹೋಯಿತು. ನಾನು ತುತ್ತು ಹಿಡಿದು ಕುಳಿತಿದ್ದೆ, ಟಿ.ವಿ. ಕಪ್ಪಗೆ ನಿಂತಿತ್ತು. ಸುಮಾ ಚಮಚ ತೆಗೆದುಕೊಂಡು ತಾಟಿಗೆ ಬಡಿದಳು. ಬಡಿದು, ಧಾಟಿ ಒಂದಿಷ್ಟೂ ತಪ್ಪದೆ, "ಬುಟ್ಟಿಯಲಿ ಏನಿದೆ?" ಎಂದು ಹಾಡಿದಳು. ಹಾಡಿ ಸುಮ್ಮನಾದಳು. ನನ್ನ ಮುಖ ನೋಡುತ್ತ ಕಾದಳು.

ನಾನು ಅಳುತ್ತಿದ್ದೆ. ಅವಳೇ ಬೇಸತ್ತು, "ಮೆಣಸಿನಕಾಯಿ" ಅಂದಳು.

ಮರುದಿನವೇ ಸುಮಾಳನ್ನು ಕರೆದುಕೊಂಡು ಹಾವೇರಿಗೆ ಹೋಗಿ ಅಲ್ಲಿಂದ ಗುತ್ತಲದ ಬಸ್ಸು ಹಿಡಿದೆ. ಅಕ್ಕೋರು ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದರು. ನನ್ನನ್ನು ನೋಡಲೇ ಇಲ್ಲ, ಸುಮಾಳನ್ನು ನೋಡಿದರು. ಹೋದ ಕೂಡಲೇ ಅವಳು ಹಾಡಿದಳು. ಪ್ರತಿ ಸಾಲಿಗೂ ನಿಂತಳು. ಪ್ರತಿ ಸಾಲಿಗೂ ಅಕ್ಕೋರು ಒಂದೊಂದು ಕಾಯಿಪಲ್ಲೆಯ ಹೆಸರು ಹೇಳಿದರು. ಅವರ ಗಲ್ಲ ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿ.

"ಅಕ್ಕೋರ, ನಂದು ತಪ್ಪಾತ್ರಿ," ಅಂದೆ.

"ಹೌದು, ತಪ್ಪಾತು."

"ಹೊಟ್ಟ್ಯಾಗ ಹಾಕ್ಕೊಳ್ರಿ."

"ಯಾಕ ಹಾಕ್ಕೊಳ್ಳಲಿ?" ಸೂಜಿ ಕೌದಿಗೆ ಚುಚ್ಚಿಟ್ಟು ಮೊದಲ ಸಲ ನನ್ನ ಕಡೆ ತಿರುಗಿದರು. "ನಿನ್ನ ಮಗಳು ಮಾತಾಡಿದಳು, ನೀ ಬಂದಿ. ಮಾತಾಡದಿದ್ರ ಬರತಿದ್ದೇನು? ಅಲ್ಲಿ ಇನ್ನೂ ಮೂವತ್ತು ಕೂಸು ಬಾಯಿ ತಕ್ಕೊಂಡು ಕುಂತಾವ. ಅವಕ್ಕ ಯಾರು ಹಾಡ್ತಾರ? ನಾ ಹೊಟ್ಟ್ಯಾಗ ಹಾಕ್ಕೊಂಡ್ರ ಅವು ಹಾಡ್ತಾವೇನು? ಒಂದು ಅರ್ಜಿಗೆ ಸಹಿ ಮಾಡಾಕ ಬರತಿತ್ತಲ್ಲ ನಿನಗ, ಹೋಗು, ಇನ್ನೊಂದು ಬರಿ."

ಬಸ್ಸು ಬಂದಾಗ ಸುಮಾಳ ಕೈಗೆ ಬೆಲ್ಲದ ಚೂರು ಕೊಟ್ಟು, "ಹೋಗಿ ಬಾ ತಾಯಿ" ಅಂದರು. ನಾನು ಅವರನ್ನು ಕಂಡದ್ದು ಅದೇ ಕಡೆ.

ಅಕ್ಕೋರನ್ನು ತಿರುಗಿ ಕರೆಸಬೇಕೆಂದು ಅರ್ಜಿ ಬರೆದೆ. ಸಹಿ ಹಾಕಿದ್ದ ಉಳಿದ ಇಪ್ಪತ್ತೊಂದು ಮನೆಗಳ ಮೆಟ್ಟಿಲು ಹತ್ತಿದೆ. "ಮಕ್ಕಳು ಶಾಂತ ಇರ್ತಾವ ಈಗ, ನಿನಗ್ಯಾಕ ಊರ ಉಸಾಬರಿ?" ಅಂದರು. ಸಾವ್ಕಾರರು ನನ್ನದೊಂದೇ ಸಹಿ ಇದ್ದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. ನಾನು ಮತ್ತೆ ಮತ್ತೆ ಹೋದೆ, ಅವರು ಮತ್ತೆ ಮತ್ತೆ ನಕ್ಕರು. ಆ ಓಡಾಟದಲ್ಲೇ, ಮುಂದಿನ ಬೇಸಿಗೆಯಲ್ಲಿ, ಗಿರಿಜಕ್ಕೋರು ತೀರಿಕೊಂಡ ಸುದ್ದಿ ಗುತ್ತಲದ ಬಸ್ಸಿನವರ ಬಾಯಿಂದ ಬಂತು.

ಸುದ್ದಿ ಕೇಳಿದವಳೇ ನೆಟ್ಟಗೆ ಶಿಶುವಿಹಾರಕ್ಕೆ ನಡೆದೆ. ಆಯಾ ಫಕೀರವ್ವ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಟಿ.ವಿ. ಅಬ್ಬರಿಸುತ್ತಿತ್ತು. ಬೀಗದ ಬಾಗಿಲು ಕಿತ್ತುಹೋಗಿತ್ತು. ನಾನು ಟಿ.ವಿ.ಗೆ ಬೆನ್ನು ಕೊಟ್ಟು ನಿಂತೆ. ಮೂವತ್ತು ಬಾಯಿ ತೆರೆದಿದ್ದವು. ಒಂದು ಕೂಸಿನ ತುಟಿಯ ಮೇಲೆ ನೊಣ ನಡೆದಾಡುತ್ತಿತ್ತು.

ವೈರು ಕಿತ್ತೆ.

"ಯವ್ವಾ, ಸಾವ್ಕಾರ್ರು ಬೈತಾರ್ರೀ!" ಫಕೀರವ್ವ ಎದ್ದು ನಿಂತಳು.

"ಬೈಲಿ."

ಸದ್ದು ನಿಂತಿತು. ಮಕ್ಕಳು ಒಂದೊಂದಾಗಿ ಕಣ್ಣು ಮಿಟುಕಿಸಿ ನನ್ನನ್ನು ನೋಡತೊಡಗಿದವು. ಟಿ.ವಿ. ನಿಂತೊಡನೆ ಅಕ್ಕೋರು ತಾಟು ತೆಗೆದುಕೊಳ್ಳುತ್ತಿದ್ದರು. ಆ ತಾಟು ಎಲ್ಲಿತ್ತೋ. ನನಗೆ ಹಾಡಲು ಬರುತ್ತಿರಲಿಲ್ಲ. ಆದರೂ, "ಬುಟ್ಟಿಯಲಿ ಏನಿದೆ?" ಅಂದೆ.

ಅಂದು, ನಿಂತೆ. ಒಂದು, ಎರಡು, ಮೂರು ಎಣಿಸಿದೆ. ಯಾರೂ ಏನೂ ಅನ್ನಲಿಲ್ಲ.